ಅವರವರ ಡಬ್ಬಿಯ ಮುಂಗಡ

ಶೇಂಗಾ ಹುರಿಯುವ ವಾಸನೆ ಬಂದರೆ ಈಗಲೂ ನನಗೆ ಮುಂಬಯಿಯ ಸಯನ್‌ನ ನಮ್ಮ ಚಾಳಿನ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಶೇಂಗಾ ಹೋಳಿಗೆ ಮಾಡಿ ಮಾರುತ್ತಿದ್ದಳು. ಗಿರಾಕಿಗಳು ಮುಂಗಡ ಕೊಟ್ಟು, ತಮ್ಮ ಹಿತ್ತಾಳೆ ಡಬ್ಬಿಯನ್ನೂ ಬಿಟ್ಟು ಹೋಗುತ್ತಿದ್ದರು. ಆ ದುಡ್ಡನ್ನು ಅವ್ವ ಅವರವರ ಡಬ್ಬಿಯಲ್ಲೇ ಇಡುತ್ತಿದ್ದಳು. ಹೋಳಿಗೆ ಒಳಗೆ ಹೋದ ದಿನವೇ ದುಡ್ಡು ಹೊರಗೆ ಬರುತ್ತಿತ್ತು.

ಅಂದು ಅಪ್ಪನ ತಮ್ಮ, ನಮ್ಮ ಕಾಕಾ, ನನ್ನನ್ನು ಸಿನಿಮಾಕ್ಕೆ ಕರೆದೊಯ್ಯುತ್ತೇನೆಂದಿದ್ದ. ಟಿಕೆಟ್ಟಿಗೆ ದುಡ್ಡಿರಲಿಲ್ಲ.

"ವೈನಿ, ಇಷ್ಟು ಡಬ್ಬ್ಯಾಗ ರೊಕ್ಕ ಅದ. ಒಂದರಾಗಿಂದು ಕೊಡ್ರಿ," ಎಂದ.

ಅವ್ವ ಲಟ್ಟಿಸುತ್ತಲೇ ಹೇಳಿದಳು: "ಅದು ನಮ್ದಲ್ಲಪ್ಪಾ. ಹೋಳಿಗಿ ಅವರ ಕೈಗೆ ಮುಟ್ಟೂತನಕ ಅವರ್ದೇ."

ಅಷ್ಟರಲ್ಲಿ ಎದುರು ಬಿಲ್ಡಿಂಗಿನ ಸುಶೀಲಾಬಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಜಗಳಕ್ಕೆ ಸಿದ್ಧಳಾಗಿಯೇ ಬಂದಳು.

"ಮಗಳ ನಿಶ್ಚಯ ಮುಂದ ಹೋತು. ನನ್ನ ಅಡ್ವಾನ್ಸ್ ವಾಪಸ್ ಕೊಡ್ರಿ. ಖರ್ಚಾಗೇದ ಅಂತ ಹೇಳಬ್ಯಾಡ್ರಿ."

ಅವ್ವ ಗೋಡೆಯ ಗೂಡಿನಿಂದ ಅವಳ ಡಬ್ಬಿ ಇಳಿಸಿ ಮುಂದಿಟ್ಟಳು. ಮುಚ್ಚಳ ತೆಗೆದರೆ ಅವಳು ಕೊಟ್ಟ ನೋಟುಗಳು ಅವಳೇ ಮಡಚಿದ್ದ ಹಾಗೆ ಇದ್ದವು. ಸುಶೀಲಾಬಾಯಿ ನಾಚಿ ನಕ್ಕು ಹೊಸ್ತಿಲ ಬಳಿ ಕುಳಿತಳು. ಅವ್ವ ಬಿಸಿ ಹೋಳಿಗೆಗೆ ತುಪ್ಪ ಸವರಿ ಕೈಗಿತ್ತಳು. ತಿಂದು ಮುಗಿಸಿದವಳು ಡಬ್ಬಿಯನ್ನು ಅವ್ವನ ಕಡೆಗೇ ತಳ್ಳಿದಳು.

"ತಾರೀಖು ಮುಂದ ಹೋಗೇದ, ಲಗ್ನ ನಿಂತಿಲ್ಲಲ್ಲ. ಇಲ್ಲೇ ಇರ್ಲಿ ಬಿಡ್ರಿ."

ಸಂಜೆ, ಅವಳಿಂದ ವಿಷಯ ಕೇಳಿ, ಅವಳ ಮಹಡಿಯ ಇನ್ನಿಬ್ಬರು ಹೆಂಗಸರು ಮುಂಗಡದ ಜೊತೆ ತಮ್ಮ ಡಬ್ಬಿ ಹಿಡಿದು ಬಂದರು. ಗೂಡಿನಲ್ಲಿ ಜಾಗವೇ ಉಳಿದಿರಲಿಲ್ಲ. ಕಾಕಾ ಗೊಣಗುತ್ತ ಸ್ಟೂಲು ಹತ್ತಿ ಗೋಡೆಗೆ ಹೊಸ ಹಲಗೆ ಹೊಡೆದ. ನಾನು ಕೆಳಗೆ ನಿಂತು ಒಂದೊಂದೇ ಮೊಳೆ ಎತ್ತಿ ಕೊಟ್ಟೆ.