ಪಥ್ಯ ಹಿಡಿದದ್ದು

ಪುಟ್ಟತಾಯಮ್ಮ ತೀರಿಕೊಂಡ ಸುದ್ದಿ ಊರಿಗೆ ತಿಳಿದ ದಿನ ಬಂದವರೆಲ್ಲ, “ಕಂಪವಾತದ ಹೆಂಡತಿಯನ್ನು ಆರು ವರ್ಷ ಮಗುವಿನ ಹಾಗೆ ನೋಡಿಕೊಂಡಿರಿ ಮೇಷ್ಟ್ರೇ” ಎಂದರು. ಚೆಲುವಯ್ಯ ಮೇಷ್ಟ್ರು ಅಳುತ್ತಲೇ ಇದ್ದರು. ಆದರೂ ಹೊಗಳಿದವರನ್ನು ತಡೆಯಲಿಲ್ಲ. ಈ ಕಾಯಿಲೆ ವಾಸಿಯಾಗದು, ಸತ್ವದ ಊಟ ಮೈಗೆ ಬಲ ಕೊಡುತ್ತದೆ ಎಂದು ಡಾಕ್ಟರು ಎರಡನೆಯ ಭೇಟಿಯಲ್ಲಿ ಹೇಳಿದ್ದೇ ತಡ, ಇತಿಹಾಸದ ಮೇಷ್ಟ್ರು ಆಹಾರಪಂಡಿತರಾಗಿದ್ದರು. ನುಗ್ಗೆಸೊಪ್ಪು, ಅಗಸೆ ಚಟ್ನಿ, ನೆನೆಸಿದ ಬಾದಾಮಿ. ಬೇಳೆ ಮಾತ್ರೆಯ ಬಲ ತಗ್ಗಿಸುತ್ತದೆಂದು ಎರಡರ ನಡುವೆ ಗಡಿಯಾರ ನೋಡಿ ಒಂದು ಗಂಟೆ ಅಂತರ.

ಹನ್ನೊಂದನೆಯ ದಿನ ಎಡೆ ಇಡುವಾಗ ನಾದಿನಿ ಕೇಳಿದಳು: “ಅಕ್ಕನಿಗೆ ಇಷ್ಟವಾದ್ದು ಏನು ಮಾಡಿಸಿದ್ರಿ ಭಾವ?”

“ನುಗ್ಗೆಸೊಪ್ಪಿನ ಪಲ್ಯ. ಒಂದು ದಿನವೂ ಬೇಡ ಅಂದವಳಲ್ಲ.”

“ಅಯ್ಯೋ ಭಾವ, ಆ ಸೊಪ್ಪು ಕಂಡ್ರೇ ಅವಳಿಗೆ ಆಗ್ತಿರಲಿಲ್ಲ. ಅವ್ವ ಮಾಡಿದ್ರೆ ಉಪವಾಸ ಮಲಗೋಳು.”

“ಮತ್ತೆ ನಾನು ಬಡಿಸಿದ್ದು ತಿಂದಳಲ್ಲ?”

“ನಾನೂ ಅವಳನ್ನ ಅದನ್ನೇ ಕೇಳ್ದೆ. ‘ನನ್ನ ಕಾಯಿಲೆ ತಿಳಿದಾಗಿಂದ ಮೇಷ್ಟ್ರು ಮಂಕಾಗಿ ಕೂತುಬಿಟ್ಟಿದ್ರು ಕಣೆ. ಸೊಪ್ಪು ಬಿಡಿಸೋಕೆ ಶುರು ಮಾಡಿದ ಮೇಲೆ ಎದ್ದು ಓಡಾಡ್ತಿದ್ದಾರೆ. ಪಥ್ಯ ಅವರಿಗೆ ಹಿಡಿದಿದೆ, ನಾನು ತಿನ್ನೋದು ನಿಲ್ಲಿಸಿದ್ರೆ ಮತ್ತೆ ಕೂತುಬಿಡ್ತಾರೆ’ ಅಂದ್ಲು.”

ಆಹಾರಪಂಡಿತರು ಪಲ್ಯದ ಬಟ್ಟಲನ್ನು ಎಡೆಯಿಂದ ಮೆಲ್ಲಗೆ ಈಚೆಗೆ ತೆಗೆದು ಕೈಮುಗಿದರು.

“ಸ್ವಾಮಿ, ಅವಳ ಆತ್ಮಕ್ಕೆ ಶಾಂತಿ ಕೊಡು. ಏನು ಬೇಕು ಅಂತ ನೀನಾದರೂ ಅವಳನ್ನು ಒಂದು ಮಾತು ಕೇಳು.”