ಬೈಯದ ಗಡಿಗೆ

ತಲೆಯಲ್ಲಿ ಬೂಷ್ಟು ಬೆಳೆದವರು ಸತ್ತರೆ ಅದನ್ನು ತೆಗೆಸಿ ತಂದು, ಗಡಿಗೆಯಲ್ಲಿಟ್ಟು, ದಿನಾ ಮುಂಜಾನೆ ಗಂಜಿ ಹಾಕುವುದು ಆ ಓಣಿಯ ರೂಢಿ. ನಾಲ್ಕಾರು ದಿನ ಹೊಟ್ಟೆ ತುಂಬಿದರೆ ಸಾಕು, ಬೂಷ್ಟು ಸತ್ತವರ ದನಿಯಲ್ಲೇ ಮಾತಿಗಿಳಿಯುತ್ತದೆ.

ನೀಲವ್ವನ ಗಡಿಗೆ ಮಾತ್ರ ತಿಂಗಳಾದರೂ ತುಟಿ ಬಿಚ್ಚಿರಲಿಲ್ಲ.

ಗಂಡ ಫಕೀರಪ್ಪ ತಲೆನೋವೆಂದು ಮಲಗಿದಾಗಲೇ, "ಬೂಷ್ಟ ಇರಬೇಕ ಬಿಡ. ಸತ್ತ ಮ್ಯಾಲೂ ನಿನ್ನ ತಲಿ ತಿಂತೀನಿ ನೋಡ," ಎಂದು ನಕ್ಕಿದ್ದ. ದೊಡ್ಡ ಆಸ್ಪತ್ರೆಯವರು ಸ್ಕ್ಯಾನ್ ನೋಡಿ ಗಡ್ಡೆ ಎಂದರು. ಅವನು ಬೇಡವೆಂದರೂ ಕೇಳದೆ, ಗಂಡ ಉಳಿದರೆ ಸಾಕೆಂದು ನೀಲವ್ವ ಹಟ ಹಿಡಿದು ತಲೆಗೆ ಗಡ್ಡೆ ಸುಡುವ ಕರೆಂಟ್ ಕೊಡಿಸಿದಳು. ಅವನು ಉಳಿಯಲಿಲ್ಲ. ತಲೆ ಬಿಚ್ಚಿದ ಮೇಲೆ ಡಾಕ್ಟರು, "ಗಡ್ಡೆ ಅಲ್ಲಮ್ಮ, ಬೂಷ್ಟೇ ಇತ್ತು. ಸ್ಕ್ಯಾನಿನಲ್ಲಿ ಎರಡೂ ಒಂದೇ ಥರ ಕಾಣ್ತಾವು. ಮಾತ್ರೆ ಕೊಟ್ಟಿದ್ರ ಇನ್ನಷ್ಟು ವರ್ಷ ಇರ್ತಿದ್ರು. ಈಗ ಬೂಷ್ಟೂ ಸುಟ್ಟು ಹೋಗೇತಿ," ಎಂದು ಎದ್ದು ಹೋದರು.

ಸುಟ್ಟದ್ದಕ್ಕೇ ಅವಳು ಗಂಜಿ ಹಾಕುತ್ತಿದ್ದಳು.

ಅಂದೂ ಗಡಿಗೆಗೆ ಕಿವಿಯಿಟ್ಟು ಕೂತಿದ್ದಾಗ, ಪಕ್ಕದ ಮನೆ ಗಂಗವ್ವನ ಕಟ್ಟೆಯಿಂದ ಅವಳ ಸತ್ತ ಗಂಡನ ಗಡಿಗೆ ಒದರಿತು. "ಏ ದರಿದ್ರದಾಕಿ, ಇದೇನ ಗಂಜಿಯೋ, ಮುಸುರಿ ನೀರೋ? ಉಪ್ಪ ಎಲ್ಲೈತಿ?"

"ಇದ್ದಾಗೂ ಬೈದ, ಸತ್ತೂ ಬೈತಾನ ಭಾಡ್ಯಾ," ಎಂದು ಗಂಗವ್ವ ಮುಚ್ಚಳ ಎತ್ತಿಕೊಂಡಳು.

ನೀಲವ್ವ ತನ್ನ ಗಡಿಗೆಯನ್ನು ಎದೆಗವಚಿಕೊಂಡು ಬಂದು, ಅದರ ಬಾಯಿಯನ್ನು ಆ ಗಡಿಗೆಯತ್ತ ತಿರುಗಿಸಿ ಕೂತಳು.

"ಮುಚ್ಚಬ್ಯಾಡ ಯಕ್ಕಾ, ಇನ್ನೊಂಚೂರು ಬೈಲಿ. ನಮ್ಮದೂ ಕೇಳಿ ಕಲೀಲಿ."