ಮೇಲಿನ ಕಿಟಕಿಯ ಕದ

"ಮಿಕ್ಕ ಕಿಟಕಿಗೆ ಏನಾದ್ರೂ ಹಾಕ್ಕೊಳ್ಳಿ. ಆ ಮೇಲಿನ ಎಡಗಡೆ ಕಿಟಕಿಗೆ ಮಾತ್ರ ಮುಚ್ಚೋಕೆ ಬರೋ ಕದ ಹಾಕಿಸಿ. ನಾನೇ ಮಾಡಿಕೊಡ್ತೀನಿ" ಎಂದರು ಎದುರುಮನೆಯ ಎಮಿಲ್ ಹುದಾಕ್. ಅವರು ರಸ್ತೆ ದಾಟಿ ಅಂಗಳಕ್ಕೆ ಬಂದದ್ದೇ ಕೊರಿನ್‌ಗೆ ಗೊತ್ತಾಗಿರಲಿಲ್ಲ.

ಕೊರಿನ್ ಮತ್ತು ಅವಳ ಗಂಡ ಡೇಲ್ ಪೆನ್ಸಿಲ್ವೇನಿಯಾದ ಆ ಹಳೆಯ ಉಕ್ಕಿನ ಕಾರ್ಖಾನೆಯ ಊರಿಗೆ ಬಂದು ಎರಡು ತಿಂಗಳಾಗಿತ್ತು. ಬೋಳು ಕಿಟಕಿಗಳ ಇಕ್ಕೆಲಕ್ಕೂ ಅಲಂಕಾರದ ಕದ ಕೂರಿಸಿದರೆ ಮನೆಗೆ ಒಂದು ಕಳೆ ಬರುತ್ತದೆಂದು ಕೊರಿನ್‌ಳ ಆಸೆ. ಬೀದಿಯ ಮುಕ್ಕಾಲು ಮನೆಗಳಲ್ಲಿದ್ದಂಥವೇ. ಗೋಡೆಗೆ ಸ್ಕ್ರೂ ಹೊಡೆದರೆ ಮುಗಿಯಿತು, ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಡೇಲ್ ಮಾದರಿಗೆ ತಂದ ಹಸಿರು ಕದವೊಂದನ್ನು ಕೆಳಗಿನ ಕಿಟಕಿಯ ಪಕ್ಕಕ್ಕೆ ಒತ್ತಿ ಹಿಡಿದಿದ್ದ.

"ಇವು ಬರೀ ಚೆಂದಕ್ಕೆ, ಮಿಸ್ಟರ್ ಹುದಾಕ್. ಮನೆಗೆ ಹುಬ್ಬು ತೀಡಿದ ಹಾಗೆ" ಎಂದು ಡೇಲ್ ನಕ್ಕ. "ಅದ್ಯಾಕೆ ಒಂದನ್ನ ಮಾತ್ರ ಮುಚ್ಚಬೇಕು? ಒಂಟಿಕಣ್ಣಿನ ಮನೆ ಆಗಲ್ವಾ?"

ಹುದಾಕ್ ನಗಲಿಲ್ಲ. ಕೊರಿನ್ ಕಡೆ ತಿರುಗಿದರು. "ನೋಡಮ್ಮ, ನನ್ನ ಹೆಂಡ್ತಿ ಲುದ್ಮಿಲಾ ದಿನಾ ಬೆಳಿಗ್ಗೆ ಕಿಟಕೀಲಿ ಕೂತು ಕೈ ಬೀಸ್ತಾಳಲ್ಲ..."

"ಹೌದು, ಪಾಪ. ಪಾತ್ರೆ ತೊಳೀತಾ ನಾನೂ ಬೀಸ್ತೀನಿ."

"ಅವಳು ಬೀಸೋದು ನಿನಗಲ್ಲ."

ಆಮೇಲೆ ಅವರು ನೆಲ ನೋಡಿಕೊಂಡೇ ಹೇಳಿದರು. ನಲವತ್ತು ವರ್ಷದ ಹಿಂದಿನ ಮಾತು. ಅವರ ಮಗಳು ಇರ್ಮಾ ಆಡಲು ಬರುತ್ತಿದ್ದುದು ಇದೇ ಮನೆಗೆ, ಗೆಳತಿಯ ಆ ಮೇಲಿನ ಕೋಣೆಗೆ. ಅಮ್ಮ ಕರೆದರೆ ಕಿಟಕಿಯಿಂದಲೇ ಕೈ ಬೀಸಿ, ಬಂದೆ ಎನ್ನುತ್ತಿದ್ದಳು. ಒಂಬತ್ತು ತುಂಬಿದ ಚಳಿಗಾಲದಲ್ಲಿ ನದಿಯ ಮೇಲಿನ ಮಂಜುಗಡ್ಡೆ ಅವಳ ಕಾಲಡಿ ಒಡೆಯಿತು. "ಇಷ್ಟು ವರ್ಷ ಲುದ್ಮಿಲಾ ಸರಿಯಾಗೇ ಇದ್ಲಮ್ಮ. ಎರಡು ವರ್ಷದಿಂದ ಹಿಂಗೆ. ಕುರ್ಚಿ ಬಿಟ್ಟು ಏಳಲ್ಲ, ಹೊಸಿಲು ದಾಟಲ್ಲ, ಊಟಾನೂ ಕಿಟಕಿ ಹತ್ರಾನೇ. ಆ ಕಿಟಕಿ ಕಾಣದೇ ಹೋದ್ರೆ ಮರೀತಾಳೇನೋ ಅಂತ."

"ದಪ್ಪ ಪರದೆ ಹಾಕಿದ್ರೆ ಸಾಲಲ್ವಾ?"

"ನಿಮಗಿಂತ ಮುಂಚೆ ಇದ್ದೋರು ಹಾಕಿದ್ರು. ಇರ್ಮಾ ಪರದೆ ಸರಿಸ್ಕೊಂಡು ನೋಡ್ತಾಳೆ ಅಂದ್ಲು ಲುದ್ಮಿಲಾ."

ಅವರು ಹೋದ ಮೇಲೆ ಡೇಲ್ ಕದವನ್ನು ಗೋಡೆಗೆ ಒರಗಿಸಿದ. "ಅಲ್ಲ ಮಾರಾಯ್ತಿ, ಅವರ ಮನೆ ಕಿಟಕಿ ಮುಚ್ಚಿಕೊಳ್ಳೋದು ಬಿಟ್ಟು ನಮ್ಮದನ್ನ ಮುಚ್ಚಿ ಅಂದ್ರೆ? ಆ ಕೋಣೆಗೆ ಬೆಳಕು ಎಲ್ಲಿಂದ ಬರುತ್ತೆ?"

ಕೊರಿನ್ ಮಹಡಿ ಹತ್ತಿದಳು. ಕೋಣೆಯಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳು, ಇಸ್ತ್ರಿ ಮೇಜು. ಕಿಟಕಿಯ ಮುಂದೆ ಹೋಗಿ ನಿಂತಳು. ರಸ್ತೆಯಾಚೆ ಗಾಜಿನ ಹಿಂದೆ ಲುದ್ಮಿಲಾ ಕೂತಿದ್ದರು. ಮುಖ ಅರಳಿತು, ಕೈ ಎತ್ತಿದರು. ಆದರೆ ಅವರ ನೋಟ ಕೊರಿನ್‌ಳ ಮುಖದ ಮೇಲಿರಲಿಲ್ಲ. ತುಸು ಕೆಳಗೆ, ಅವಳ ಮೊಣಕೈಯ ಮಟ್ಟದಲ್ಲಿತ್ತು. ಕೊರಿನ್ ಪಕ್ಕಕ್ಕೆ ತಿರುಗಿ ನೋಡಲಿಲ್ಲ. ನೋಡಲು ಧೈರ್ಯ ಬರಲಿಲ್ಲ. ಹಿಂದೆ ಹಿಂದೆ ಹೆಜ್ಜೆಯಿಟ್ಟು ಕೋಣೆಯಿಂದ ಹೊರಬಂದಳು.

"ಅವರು ಹೇಳಿದ ಹಾಗೇ ಮಾಡೋಣ" ಎಂದಳು ಕೆಳಗಿಳಿದು. ಅವಳ ಮುಖ ನೋಡಿ ಡೇಲ್ ವಾದಿಸಲಿಲ್ಲ.

ಮುಂದಿನ ಶನಿವಾರ ಆರು ಕಿಟಕಿಗಳಿಗೆ ಅಲಂಕಾರದ ಕದ ಬಂದವು. ಏಳನೆಯದಕ್ಕೆ ಹುದಾಕ್ ತಮ್ಮ ಷೆಡ್ಡಿನಲ್ಲಿ ಮಾಡಿದ ಪೈನ್ ಮರದ ಜೋಡಿ, ಅದೇ ಹಸಿರು ಬಣ್ಣದ್ದು. ಎಪ್ಪತ್ತೈದರ ಮುದುಕರು ತಾವೇ ಏಣಿ ಹತ್ತಿ ಕೀಲು ಬಿಗಿದರು, ಎರಡು ಕದಗಳನ್ನೂ ಎಳೆದು ಸೇರಿಸಿ ಹೊರಗಿನಿಂದ ಕೊಂಡಿ ಹಾಕಿದರು. ಎದುರುಮನೆಯ ಕಿಟಕಿಯಲ್ಲಿ ಲುದ್ಮಿಲಾ ಅಳಲಿಲ್ಲ, ಕೂಗಲೂ ಇಲ್ಲ. ಸುಮ್ಮನೆ ನೋಡುತ್ತಿದ್ದರು.

ಭಾನುವಾರ ಬೆಳಿಗ್ಗೆ ಬಾಗಿಲು ತಟ್ಟಿದ ಸದ್ದಾಯಿತು. ಕೊರಿನ್ ತೆರೆದರೆ ಎದುರಿಗೆ ಲುದ್ಮಿಲಾ. ರಾತ್ರಿಯಂಗಿಯ ಮೇಲೆ ಗಂಡನ ಕೋಟು, ತಲೆ ನೀಟಾಗಿ ಬಾಚಿಕೊಂಡಿದ್ದರು. ಎರಡು ವರ್ಷ ಹೊಸಿಲು ದಾಟದವರು ರಸ್ತೆ ದಾಟಿ ಬಂದಿದ್ದರು. ಹಿಂದೆಯೇ ಹುದಾಕ್ ಏದುಸಿರು ಬಿಡುತ್ತಾ ಓಡಿಬರುತ್ತಿದ್ದರು.

"ಮೇಲೆ ತುಂಬಾ ಕತ್ತಲೆ ಆಯ್ತಂತೆ" ಎಂದರು ಲುದ್ಮಿಲಾ ಮೆಲ್ಲಗೆ, ಸಕ್ಕರೆ ಕೇಳಲು ಬಂದವರಂತೆ. "ಅದಕ್ಕೇ ಕೆಳಗಿಳಿದು ಬಂದಿದಾಳೆ. ಸ್ವಲ್ಪ ದಾರಿ ಬಿಡ್ತೀಯಾ, ಮಗಳೇ?"

ಕೊರಿನ್‌ಳ ಬೆನ್ನಿಗೆ ತಣ್ಣನೆಯ ಗಾಳಿ ತಾಕಿತು. ತನಗೇ ಅರಿವಿಲ್ಲದೆ ಬಾಗಿಲಿನ ಒಂದು ಬದಿಗೆ ಸರಿದಳು.

ಲುದ್ಮಿಲಾ ಕೈ ಚಾಚಿದರು. ಬೆರಳುಗಳು ಏನನ್ನೋ ಮೃದುವಾಗಿ ಹಿಡಿದವು. "ಎಷ್ಟು ತಣ್ಣಗಿದೆಯೇ ಕೈ! ನಡಿ" ಎಂದು ತಿರುಗಿದರು. ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ನಿಂತು ನಿಂತು ಇಳಿದರು. ಆ ಕೈ ಮಾತ್ರ ದೇಹದಿಂದ ತುಸು ದೂರ, ಹಾಗೇ ಇಳಿಬಿದ್ದಿತ್ತು.

"ಕ್ಷಮಿಸಮ್ಮ, ಅವಳಿಗೆ ತಲೆ ಸರಿಯಿಲ್ಲ, ಅಲ್ಲೇನೂ ಇಲ್ಲ" ಎಂದು ಹುದಾಕ್ ತೊದಲಿದರು. ಹೆಂಡತಿಗಿಂತ ಮುಂದೆ ಓಡಿ ತಮ್ಮ ಮನೆಯ ಗೇಟು ತೆರೆದು ಹಿಡಿದರು. ಲುದ್ಮಿಲಾ ಒಳಗೆ ಹೋದರು. ಅವರು ಹೋದ ಮೇಲೂ ಹುದಾಕ್ ಗೇಟು ಬಿಡಲಿಲ್ಲ. ಪುಟ್ಟ ಮಗುವೊಂದು ದಾಟುವಷ್ಟು ಹೊತ್ತು ತಲೆ ತಗ್ಗಿಸಿ ಕಾದರು. ಆಮೇಲೆ ಮುಚ್ಚಿದರು.